ಎಲೆಯಡಿಯ ಲೆಕ್ಕ

ಕೆಟಾದಲ್ಲಿ ನೆಲವೆಂದರೆ
ಎರಡು ನೀರಿನ ನಡುವೆ ಯಾರೋ ಹಾಸಿ ಮರೆತ ಚಾಪೆ.
ಈಚೆ ಉಪ್ಪುಕೆರೆ, ಆಚೆ ಕಡಲು,
ನಡುವೆ ಮರಳು, ಮರಳ ಮೇಲೆ ನಮ್ಮ ಮೆಣಸಿನಕಾಯಿ ಮಡಿ.

ಇಲ್ಲಿ ಮಣ್ಣು ಇರುವುದಿಲ್ಲ, ಮಾಡಬೇಕು.
ಅತ್ತೆ ಜಾತುಗ್ಬುಯಿ ನಲವತ್ತು ವರ್ಷ ಮಾಡಿದ್ದಾಳೆ:
ಮೀನಿನ ತಲೆ, ಪೊರೆ, ಬಾವಲಿ ಹಿಕ್ಕೆ,
ಒಲೆಯ ಬೂದಿ, ಬುಟ್ಟಿಯ ಮೇಲೆ ಬುಟ್ಟಿ.
ಮೊದಲು ವಾಸನೆ ಬರುತ್ತದೆ, ಆಮೇಲೆ ಅವಳು.

ನನ್ನ ಕೆಲಸ ಬೇರೆ. ನಾನು ಎಣಿಸುವವಳು.
ಬೆಳಗಿನ ಆರಕ್ಕೆ, ಇಬ್ಬನಿಗೆ ರೆಕ್ಕೆ ಭಾರವಾಗಿರುವಾಗ,
ಭೂತಗನ್ನಡಿ ಹಿಡಿದು ಎಲೆ ಮಗುಚುತ್ತೇನೆ.
ಟಮಕ್ಲೊ ಮೇಷ್ಟ್ರ ಪಟ್ಟಿಯಲ್ಲಿ ನಾಲ್ಕು ಅಂಕಣ:
ಏನೂ ಹಾಕದ ಮಡಿ, ಯೂರಿಯಾ ಮಡಿ,
ಕೋಳಿಗೊಬ್ಬರದ್ದು, ಬೇವಿನ ಹಿಂಡಿಯದ್ದು.
ಮಡಿಗೆ ಹತ್ತು ಗಿಡ, ಗಿಡಕ್ಕೆ ಐದೆಲೆ.
ನುಸಿ, ಹೇನು, ಬಿಳಿನೊಣ, ಮೂರಕ್ಕೂ ಬೇರೆ ಬೇರೆ ಗೆರೆ.

ಯೂರಿಯಾ ಉಂಡ ಗಿಡ ನೋಡಲು ಮದುಮಗಳು.
ದಟ್ಟ ಹಸಿರು, ಮೈತುಂಬ ರಸ,
ಹೇನುಗಳು ದಿಬ್ಬಣ ಕಟ್ಟಿಕೊಂಡೇ ಬರುತ್ತವೆ.
ಮೊದಲ ವಾರ ನೂರಕ್ಕೆ ನಿಲ್ಲಿಸಿದೆ,
ಎರಡನೆಯ ವಾರ ‘ಬಹಳ’ ಎಂದು ಬರೆದೆ.
ಮೇಷ್ಟ್ರು ಹೊಡೆದುಹಾಕಿದರು:
“ಬಹಳ ಅನ್ನೋದು ಅಂಕಿಯಲ್ಲ, ಅಬ್ಲಾ.”

ಹಿಂಡಿಯ ಮಡಿಯದು ಸಾಧಾರಣ ಹಸಿರು,
ಎಲೆ ಕೊಂಚ ಒರಟು.
ಹುಳು ಬರುತ್ತವೆ, ಸುಳ್ಳು ಯಾಕೆ,
ಬಂದು, ಕರೆಯದ ಮನೆಗೆ ಬಂದ ಬೀಗರ ಹಾಗೆ
ನಿಂತೇ ಮಾತಾಡಿ ಹೋಗುತ್ತವೆ.

ಕೋಳಿಗೊಬ್ಬರದ ಮಡಿಯದು ಇನ್ನೊಂದು ಸಂಸಾರ.
ಅಗೆದರೆ ಬಿಸಿ, ಇರುವೆ, ಹೆಸರು ಗೊತ್ತಿಲ್ಲದ ಮರಿಗಳು;
ಮೇಲೆ ಜೇಡ, ಗುಲಗಂಜಿ ಹುಳ.
ಪಟ್ಟಿಯಲ್ಲಿ ಅವಕ್ಕೆ ಗೆರೆಯಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುತ್ತಿದ್ದೆ:
ಜೇಡ ಏಳು. ಕೇಳಿದವರಿಲ್ಲ.

ಡಿಸೆಂಬರಿನಲ್ಲಿ ಹರ್ಮಟಾನ್ ಬೀಸಿತು.
ತುಟಿ ಒಡೆಯಿತು, ನುಸಿ ಏರಿತು,
ಎಲೆಗಳು ದೋಣಿಯಂತೆ ಮೇಲಕ್ಕೆ ಮುದುರಿದವು.
ಅದೇ ಮಂಗಳವಾರ ಎಸಿನಮ್‌ಗೆ ಜ್ವರ.
ರಾತ್ರಿಯೆಲ್ಲ ಒದ್ದೆಬಟ್ಟೆ, ಬೆಳಗ್ಗೆ ಕ್ಲಿನಿಕ್ಕಿನ ಬೆಂಚು.
ಅಲ್ಲೇ, ತೊಡೆಯ ಮೇಲೆ ಪಟ್ಟಿ ಇಟ್ಟುಕೊಂಡು
ನಾನು ಹುಳು ಹುಟ್ಟಿಸಿದೆ.
ಯೂರಿಯಾಕ್ಕೆ ಎಂಬತ್ತನಾಲ್ಕು, ಹಿಂಡಿಗೆ ಹನ್ನೊಂದು,
ಅನುಮಾನ ಬಾರದಿರಲೆಂದು ಅಲ್ಲೊಂದು ಹತ್ತೊಂಬತ್ತು.
ಇನ್ನೂರು ಎಲೆ, ಒಂದನ್ನೂ ಮುಟ್ಟದೆ.

ಶನಿವಾರ ಮೇಷ್ಟ್ರು ಗ್ರಾಫ್ ಬರೆದರು.
ನನ್ನ ಸುಳ್ಳು ರೇಖೆಯ ಮೇಲೆ ಕೂತಿತ್ತು,
ದಾರಕ್ಕೆ ಪೋಣಿಸಿದ ಮಣಿ.
“ಸೊಗಸು” ಎಂದರು.
ಮುಂದಿನ ಮಂಗಳವಾರದ ನಿಜವೇ
ದಾರ ತಪ್ಪಿಸಿಕೊಂಡು ಉರುಳಿತು:
ಹಿಂಡಿಯ ಮಡಿಯಲ್ಲಿ ನುಸಿ ಅರವತ್ತು.
“ಸರಿಯಾಗಿ ನೋಡಿದೆಯಾ?”

ನೋಡಿದ್ದೆ. ಎರಡು ಸಲ.

ಸಂಜೆ ಅತ್ತೆಗೆ ಎಲ್ಲ ಹೇಳಿದೆ,
ಜ್ವರ, ಬೆಂಚು, ಹನ್ನೊಂದು, ಹತ್ತೊಂಬತ್ತು.
ಬೈಯಲಿಲ್ಲ. ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು
ಮರಳಿಗೆ ಬೆರಳಿಳಿಸಿ ಮೂಸಿದಳು.
“ಹಿಂಡಿ ಒಣಗಿ ಕೂತಿದೆ. ಕರಗದ ಮದ್ದು
ಸೀಸೆಯಲ್ಲೇ ಇದ್ದ ಹಾಗೆ.
ಮೀನೂ ಅಷ್ಟೆ, ಕೊಳೆಯುವ ತನಕ ಉಣಿಸುವುದಿಲ್ಲ.”
ಬಕೆಟ್ಟಿಗೆ ಕೈ ಹಾಕಿದಳು.
ಬೇಡ ಅತ್ತೆ, ಪ್ರಯೋಗದ ಮಡಿ,
ಹೆಚ್ಚು ನೀರು ಹಾಕಿದರೆ ಲೆಕ್ಕ ಕೆಡುತ್ತದೆ ಎಂದೆ.

ಅವಳು ನನ್ನನ್ನೇ ನೋಡಿದಳು,
ತುಂಬಾ ಹೊತ್ತು. ಆಮೇಲೆ ನಕ್ಕಳು.
ಕಡಲು ಕೇಳಿಸಿಕೊಳ್ಳುವಷ್ಟು ಜೋರಾಗಿ.

ದೀಪದಡಿ ಆ ಮಂಗಳವಾರವನ್ನು ಒರೆಸಿದೆ.
ಎಣಿಸಿಲ್ಲ, ಮಗುವಿಗೆ ಜ್ವರ, ಎಂದು ಬರೆದೆ.
ಈಗ ಮೇಷ್ಟ್ರ ರೇಖೆಯಲ್ಲಿ ಒಂದು ತೂತು,
ದುಂಡಗೆ, ಚಿಕ್ಕದು,
ಕಾಯಿಕೊರಕ ಹೊರಬಿದ್ದು ಹೋದಷ್ಟೇ.