ಸೀಟಿನ ಅಳತೆ

ಕೌಲ್ ಬಜಾರಿನ ಶೆಡ್ಡಿನಲ್ಲಿ ಎರಡೂ ನಿಂತಿವೆ,
ಒಂದರ ಪಕ್ಕ ಒಂದು.
ನಾಲ್ಕು ಚಕ್ರ ಅದಕ್ಕೂ, ನಾಲ್ಕು ಇದಕ್ಕೂ.
ಗಾದಿಲಿಂಗ ಸಿಕ್ಕವರನ್ನೆಲ್ಲ ಕೇಳುತ್ತಾನೆ:
"ರೇಸಿಗೆ ಯಾವ್ದು ತಗೊಂಡು ಹೋಗ್ಲಿ?"
ನನ್ನನ್ನು ಮಾತ್ರ ಕೇಳಿಲ್ಲ.
ನಾನು ಸೀಟು ಹೊಲಿಯುವವಳು,
ಜೀನ್ಸ್ ಕಾರ್ಖಾನೆಯಲ್ಲಿ ಉಳಿದ ತುಂಡುಗಳಿಂದ.

ಹಳೆಯದಕ್ಕೆ ಹದಿನೆಂಟು ವರ್ಷ.
ಕವರು ಬಿಚ್ಚಿದರೆ ಸ್ಪಂಜಿನಲ್ಲಿ
ಎಡಗಡೆ ಒಂದು ಗುಳಿ,
ಎಡ ತಿರುವಿನಲ್ಲಿ ಅವನು ಹೊರಗೆ ಜೋತುಬೀಳುವ ಜಾಗ.
ಕೈಯಿಟ್ಟರೆ ಗೊತ್ತಾಗುತ್ತದೆ
ಎಷ್ಟು ಸಲ ಹೆದರಿದ್ದಾನೆಂದು.

ಹೊಸದರ ಸೀಟು ಇನ್ನೂ ಯಾರದೂ ಅಲ್ಲ.
ಅಗಲ ಹೆಚ್ಚು, ಎತ್ತರ ಕಡಿಮೆ.
ಕಾರ್ಬುರೇಟರ್ ಇಲ್ಲ, ಚೋಕ್ ಇಲ್ಲ,
ನಸುಕಿನ ಚಳಿಯಲ್ಲೂ ಬಟನ್ ಒತ್ತಿದರೆ ಶುರು.
ಮಾಬಣ್ಣ ಸ್ಕ್ರೂಡ್ರೈವರ್ ಹಿಡಿದು
ಅದರ ಸುತ್ತ ಎರಡು ಸುತ್ತು ಬಂದ,
ತಿರುಗಿಸಲು ಏನೂ ಸಿಗದೆ
ಬೀಡಿ ಹಚ್ಚಿಕೊಂಡ.

ಟ್ರ್ಯಾಕು ಕುರುಗೋಡಿನ ಹಾದಿಯಲ್ಲಿ,
ಮೆಣಸಿನಕಾಯಿ ಕಿತ್ತು ಮುಗಿದ ಹೊಲ.
ಅರ್ಧ ಎರೆ, ಅರ್ಧ ಮಸಾರಿ.
ಎರೆಯಲ್ಲಿ ಪಾದ ತೂರುವಷ್ಟು ಬಿರುಕು,
ಮಸಾರಿಯಲ್ಲಿ ಉರುಳುವ ಹರಳು.
ಎದ್ದ ಧೂಳಿನಲ್ಲಿ ಇನ್ನೂ ಖಾರವಿತ್ತು,
ನೋಡಲು ನಿಂತವರೆಲ್ಲ ಸೀನುತ್ತಿದ್ದರು.

ಹಳೆಯದು ಪ್ರತಿ ಬಿರುಕಿನ ಸುದ್ದಿಯನ್ನೂ
ಅವನ ಮಣಿಕಟ್ಟಿಗೆ ಮುಟ್ಟಿಸುತ್ತದೆ.
ಹೊಸದು ನುಂಗಿಕೊಳ್ಳುತ್ತದೆ,
ಬಂದ ವಾರದ ಸೊಸೆ ಮಾತು ನುಂಗಿದ ಹಾಗೆ.

ನನ್ನ ಫೋನಿನಲ್ಲಿ ಟೈಮು ಹಿಡಿದೆ.
ಹಳೆಯದು ಒಂದು ನಿಮಿಷ ಐವತ್ತೆರಡು.
ಹೊಸದು ಒಂದು ನಲವತ್ತೇಳು.
ಮೂರು ಸಲ ಹಿಡಿದೆ,
ಅತ್ತಿತ್ತ ಅರ್ಧ ಸೆಕೆಂಡು, ಅಷ್ಟೇ.

"ಅದರ ದನಿ ಕೇಳಮ್ಮ," ಅಂದ ಮಾಬಣ್ಣ,
"ಹೊಟ್ಟೆಯಿಂದ ಬರ್ತೈತೆ."
ಬರುತ್ತದೆ, ನಿಜ.
ದನಿಗೆ ಯಾರೂ ಬಹುಮಾನ ಕೊಡುವುದಿಲ್ಲ.
ಐದು ಸೆಕೆಂಡು ಸಣ್ಣದಲ್ಲ.
ಅಷ್ಟರಲ್ಲಿ ನಾನು ಒಂದು ಜೇಬಿನ ಅಂಚು ಹೊಲಿಯುತ್ತೇನೆ,
ದಿನಕ್ಕೆ ಆರುನೂರು ಜೇಬು,
ಮನೆ ನಡೆದದ್ದು ಅದರಿಂದಲೇ.

ಇನ್ನೊಂದನ್ನೂ ನೋಡಿದೆ.
ಹಳೆಯದರಿಂದ ಇಳಿದಾಗ ಅವನು ಮಾತಾಡುತ್ತಿದ್ದ,
ಆ ಬದು, ಆ ತಿರುವು, ಹಿಂದಿನ ಚಕ್ರ ಎದ್ದದ್ದು,
ಒಗ್ಗಾಣಿ ಮಿರ್ಚಿ ತಣ್ಣಗಾಗುವವರೆಗೂ.
ಹೊಸದರಿಂದ ಇಳಿದು "ಚಲೋ ಐತೆ" ಅಂದ.
ಮಿರ್ಚಿ ಬಿಸಿಯಿರುವಾಗಲೇ ತಿಂದು ಮುಗಿಸಿದ.

ಹೊಸದನ್ನೇ ಒಯ್ಯಿ, ಅಂದೆ.
ಕೇಳದಿದ್ದರೂ ಅಂದೆ.
ಒಯ್ದ. ಮೂರನೆಯವನಾಗಿ ಬಂದ.
ಹೋದ ವರ್ಷ ಒಂಬತ್ತನೆಯವ.

ಹಳೆಯದನ್ನು ಗುಜರಿಗೆ ತೂಗುವ ಮಾತು ಬಂತು.
ಆ ತಿಂಗಳೇ ನನ್ನ ಚೀಟಿ ಎದ್ದಿತ್ತು.
ಗಾದಿಲಿಂಗ ನಕ್ಕ:
"ಹೊನ್ನೂರಬಿ, ಅದರ ಥ್ರಾಟಲ್ ಹೆಬ್ಬೆರಳಿಗೆ ಇರೋದು.
ಎರಡು ಸುತ್ತಿಗೆ ಜೋಮು ಹಿಡಿತೈತೆ,
ನನಗೇ ಹಿಡಿತಿತ್ತು."
ನನ್ನ ಬಲ ಹೆಬ್ಬೆರಳು ತೋರಿಸಿದೆ,
ಹದಿನಾಲ್ಕು ವರ್ಷ ಕತ್ತರಿಯ ಕಿವಿಯೊಳಗಿದ್ದು
ಜೀನ್ಸ್ ಬಟ್ಟೆಯ ನಾಲ್ಕು ನಾಲ್ಕು ಪದರ ಸೀಳಿದ್ದು.
ಮುಟ್ಟಿ ನೋಡಿದ.
ಎತ್ತಿನ ಕೊಂಬಿನ ಹಾಗಿತ್ತು.

ಸೀಟು ಮತ್ತೆ ಬಿಚ್ಚಿದೆ.
ಹೊಲಿಗೆ ತೊಡೆಗೆ ತಾಗದಂತೆ
ಎರಡು ಬೆರಳು ಕೆಳಗಿಳಿಸಿದೆ.
ಅವನ ಗುಳಿಗೆ ಅರ್ಧ ಸ್ಪಂಜು ತುಂಬಿ
ಅರ್ಧ ಹಾಗೇ ಬಿಟ್ಟೆ,
ಆ ತಿರುವು ನನಗೂ ಬರುತ್ತದಲ್ಲ.

ನಿನ್ನೆ ಸಂಜೆ ಟೈಮು ಹಿಡಿದವನು ಗಾದಿಲಿಂಗ.
ಮೂರು ನಿಮಿಷ ಹನ್ನೊಂದು.
ಎರಡು ಕಡೆ ನಿಂತಿದ್ದೆ, ಒಂದು ಕಡೆ ಬಿದ್ದಿದ್ದೆ.
ಹೆಲ್ಮೆಟ್ಟು ತೆಗೆಯುವ ಮೊದಲೇ ನನ್ನ ಬಾಯಿ ತೆರೆಯಿತು,
ಆ ಬದು ಇದೆಯಲ್ಲ, ಅಲ್ಲಿ,
ಮಾಬಣ್ಣ ಏನೂ ಅನ್ನದೆ
ಮಿರ್ಚಿಯ ಪೊಟ್ಟಣ ಮುಚ್ಚಿಟ್ಟ.