ಕೋರಿಕೆ ನಿಲುಗಡೆ

ಬಿಣಗಾ, ಅರಗಾ, ಅಮದಳ್ಳಿ:
ಟಿಕೆಟ್ ಹರಿಯುವ ಕೈಗೆ ಇವೆಲ್ಲ ಊರು.
ಹೊಕ್ಕುಳ ಕೆಳಗಿನ ಉರಿಗೆ
ಚಿಲಕವಿರುವ ಬಾಗಿಲೊಂದೇ ಊರು,
ಅಂಕೋಲೆಯವರೆಗೆ ಅದಿಲ್ಲ.
ಬಾಟಲಿಯ ನೀರು ಬೆಳಗಿನಿಂದ ಹಾಗೇ ಇದೆ.

ಮೂರು ಸಲ ಮೂತ್ರ ಪರೀಕ್ಷೆ, ಸೋಂಕಿಲ್ಲ.
ಸ್ಕ್ಯಾನಿಂಗಿನಲ್ಲಿ ಕಲ್ಲೂ ಇಲ್ಲ, ಗಡ್ಡೆಯೂ.
‘ಏನೂ ಇಲ್ವಲ್ಲ, ಡ್ಯೂಟಿಗೆ ಬಾ’ ಅಂದರು ಡಿಪೋದಲ್ಲಿ.

ಕುಮಟೆಯ ಡಾಕ್ಟರ್ ಲವೀನಾ ಪೆನ್ನು ಕೆಳಗಿಟ್ಟರು.
ತುಂಬಿದಾಗ ನೋವೋ, ಖಾಲಿಯಾದ ಮೇಲೋ?
ಮುಟ್ಟಿನ ಹೊತ್ತಿಗೆ ಹೆಚ್ಚೋ?
ಗಂಡನ ಜೊತೆ?
ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಗರ್ಭದ ಒಳಪದರ ಹೊರಗೆ ಬೇರೂರಿರಬಹುದು, ಅಂದರು,
ಬಿಗಿಹಿಡಿದೂ ಹಿಡಿದೂ ಸ್ನಾಯು ಗಂಟಾಗಿರಬಹುದು,
ಇಲ್ಲಾ ಚೀಲದ ಗೋಡೆಯೇ ನೊಂದಿರಬಹುದು. ಹುಡುಕೋಣ.
ಚೀಲ ಅಂದಾಗ ನನ್ನ ಕೈ
ತೊಡೆಯ ಮೇಲಿನ ಚಿಲ್ಲರೆ ಚೀಲ ಮುಟ್ಟಿತು.

ಇವತ್ತು ಅವರ್ಸಾ ದಾಟಿ, ಮೀನುಬುಟ್ಟಿಯ ಮುದುಕಿ
ಕಿವಿಯಲ್ಲಿ ಪಿಸುಗುಟ್ಟಿದಳು.
ಒಂದೇ ಸೀಟಿ ಊದಿದೆ.
ಅವಳ ಹಿಂದೆ ನಾನೂ ಇಳಿದೆ.