ಎರಡಕ್ಷರ ಹೆಚ್ಚು

ಪರದೆಯ ಅಡಿಯಲ್ಲಿ ಓಡುತ್ತದಲ್ಲ, ಆ ಸಾಲು ನನ್ನದು.
ಸಾಲಿಗೆ ಹದಿನಾಲ್ಕು ಅಕ್ಷರ. ಒಂದೂ ಹೆಚ್ಚಿಲ್ಲ.
ಯಿಚಾಂಗ್ ನಗರದ ಟೀವಿ ಕೇಂದ್ರ, ನಾಲ್ಕನೇ ಮಹಡಿ,
ಕಿಟಕಿಯಿಲ್ಲದ ಕೋಣೆ, ಕಿವಿಗೆ ಹೆಡ್‌ಫೋನು,
ಮುಚ್ಚಳದ ಲೋಟದಲ್ಲಿ ಮೂರು ಸಲ ಬಿಸಿನೀರು ಕಂಡು
ಬಣ್ಣವೆಲ್ಲ ಬಿಟ್ಟುಕೊಟ್ಟ ಚಹದೆಲೆ.

ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ,
ಜನ ಮಾತಾಡುವುದನ್ನಲ್ಲ,
ಮಾತಿನ ಹೊಸ್ತಿಲಲ್ಲಿ ನಿಂತು ಕಾಲೊರೆಸಿಕೊಳ್ಳುವುದನ್ನು.

ಜಲಮಂಡಳಿಯ ಉಪನಿರ್ದೇಶಕ ತೋಂಗ್ ಕ್ವೇಯ್‌ಶಾನ್:
‘ಸಾಮಾನ್ಯವಾಗಿ ಹೇಳುವುದಾದರೆ, ಸದ್ಯದ ಮಟ್ಟಿಗೆ,
ನೀರು ಹೆಚ್ಚುಕಡಿಮೆ ಕುಡಿಯಲು ಯೋಗ್ಯವೇ ಇರಬೇಕು.’
ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದ ಕೈ.
ಬೆನ್ನ ಹಿಂದೆ ಸಂಪಾದಕ ಷ್ವೆ ಚಿಟಿಕೆ ಹೊಡೆಯುತ್ತಾನೆ:
ಸೋಸು, ಸೋಸು, ದಂಟು ಸಾಕು.
ಸೋಸುತ್ತೇನೆ. ಉಳಿಯುವುದಿಷ್ಟು:
ನೀರು ಕುಡಿಯಲು ಯೋಗ್ಯ.
ಅಕ್ಷರ ಮುಗಿದ ಮೇಲೂ ಉಪನಿರ್ದೇಶಕರ ತುಟಿ
ಬಹಳ ಹೊತ್ತು ಅಲುಗುತ್ತದೆ,
ಹಲ್ಲಿಲ್ಲದವರು ಕಡಲೆ ಅಗಿದ ಹಾಗೆ.

ಮರುದಿನ ಅವರದೇ ಫೋನು: ‘ನಾನು ಹಾಗೆ ಹೇಳಿದೆನೇ?’
‘ಹೇಳಿದಿರಿ ಅಂತ ಅನ್ನಿಸುತ್ತೆ ಸರ್,’ ಅಂದೆ ನಾನು.

ಹೋಟೆಲಿನ ಮಾಲೀಕ, ‘ಇದು ನನ್ನ ಸ್ವಂತ ಅಭಿಪ್ರಾಯ, ಅಷ್ಟೇ.’
ನಟಿಯೊಬ್ಬಳು, ‘ಒಂದು ರೀತಿಯಲ್ಲಿ ಸಂತೋಷವೇ ಅನ್ನಿ.’
ಹೃದಯದ ಡಾಕ್ಟರು ‘ಸುಮಾರಾಗಿ’ ಎಂದಾಗಲೆಲ್ಲ
ಮೇಜಿನ ಮೇಲೆ ಪೆನ್ನು ಒಂದು ಸುತ್ತು ತಿರುಗುತ್ತದೆ.
ಒಮ್ಮೆ ಮಾತ್ರ, ಲೆಕ್ಕದ ಸ್ಪರ್ಧೆ ಗೆದ್ದ ಹುಡುಗಿ,
ಹತ್ತೋ ಹನ್ನೊಂದೋ ವಯಸ್ಸು,
ಶಾಲೆ ಇಷ್ಟವೇ ಎಂದು ಕೇಳಿದ್ದಕ್ಕೆ ‘ಇಲ್ಲ’ ಅಂದಳು.
ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತಿದೆವು.
ಹದಿಮೂರು ಜಾಗ ಖಾಲಿ ಬಿದ್ದಿತ್ತು ಸಾಲಿನಲ್ಲಿ.
ಆ ‘ಇಲ್ಲ’ವನ್ನು ಪ್ರಸಾರ ಮಾಡಲಿಲ್ಲ.

ಮನೆಯಲ್ಲೂ ಈ ಕತ್ತರಿ ಸುಮ್ಮನಿರುವುದಿಲ್ಲ.
‘ನಿನ್ನ ಹೊಸ ಕೂದಲು... ಒಂಥರಾ ಚೆನ್ನಾಗೇ ಇದೆ’ ಎನ್ನುವ ಗಂಡನ ಬಾಯಿಂದ
‘ಒಂಥರಾ’ ತೆಗೆದು, ‘ಏ’ ತೆಗೆದು,
ಚೆನ್ನಾಗಿದೆ ಎಂದು ಓದಿಕೊಂಡು ಮಲಗಿದ್ದೇನೆ.

ಆಮೇಲೆ ಆ ಅಕ್ಟೋಬರ್.
ಮಂಜಿನಲ್ಲಿ ಮರಳಿನ ದೋಣಿ ಮಗುಚಿ ಹತ್ತೊಂಬತ್ತು ದಿನ.
ಆರು ಜನರಲ್ಲಿ ಐವರು ಸಿಕ್ಕಿದ್ದರು, ಒಬ್ಬನೇ ಬದುಕಿ.
ಸಿಗದವನ ಹೆಂಡತಿ ಪು ಶ್ಯೂಲ್ಯಾನ್, ದಡದಲ್ಲಿ ನೂಡಲ್ಸ್ ಮಾರುವವಳು,
ಮೈಕಿನ ಮುಂದೆ ಏಪ್ರನ್ ಬಿಚ್ಚಲೋ ಬೇಡವೋ ಎಂದು
ಗಂಟನ್ನು ಹಿಡಿದೇ ನಿಂತಿದ್ದಳು.
ವರದಿಗಾರ ಕೇಳಿದ: ‘ಬರುತ್ತಾರೆ ಎಂಬ ನಂಬಿಕೆ ಇದೆಯೇ?’
ಅವಳು ಅವನನ್ನು ನೋಡಲಿಲ್ಲ, ಹೊಳೆಯನ್ನೂ ನೋಡಲಿಲ್ಲ.
‘ಅಂಗಿ ಒಗೆದು ಮಡಿಸಿಟ್ಟಿದ್ದೀನಿ. ಬಹುಶಃ ಬರ್ತಾರೆ.’

ನಮ್ಮ ಲಿಪಿಯಲ್ಲಿ ಬಹುಶಃ ಎಂದರೆ ಎರಡಕ್ಷರ.
ಅವಳ ಸಾಲು ಹದಿನಾರು.
ಷ್ವೆಯ ಚಿಟಿಕೆ.

ಬಹುಶಃ ತೆಗೆದೆ. ಬರ್ತಾರೆ ಎಂದು ಉಳಿಯಿತು.
ಅವಳು ಹಾಗೆ ಹೇಳಿರಲಿಲ್ಲ. ಹೊಳೆಯೂ ಹೇಳಿರಲಿಲ್ಲ.
ಮತ್ತೆ ಇಟ್ಟೆ. ಮಡಿಸಿದ್ದನ್ನು ತೆಗೆದೆ,
ಅಂಗಿ ನನ್ನ ಕಣ್ಣೆದುರೇ ಸುಕ್ಕಾಯಿತು.
ಒಗೆದದ್ದನ್ನು ತೆಗೆದೆ, ಅವನ ಬೆವರು ಮರಳಿ ಬಂತು.
ಉಪನಿರ್ದೇಶಕರು ದೀಪ ಇಟ್ಟದ್ದೂ ಇದೇ ಗೋಡೆಯ ಮೇಲೆ,
ತಮ್ಮ ಮುಖ ಎತ್ತಲೂ ಕಾಣದಿರಲಿ ಎಂದು.
ಇವಳದ್ದು ಬೇರೆ.
ಈಚೆ ಮನೆಯಲ್ಲಿ ಅಂಗಿ, ಆಚೆ ಮನೆಯಲ್ಲಿ ಹೆಣ,
ಎರಡಕ್ಕೂ ಬೆಳಕು ಬೇಕಿತ್ತು ಅವಳಿಗೆ,
ಇದ್ದದ್ದು ಒಂದೇ ದೀಪ.

ಅಕ್ಷರದ ಅಳತೆಯನ್ನು ಒಂದು ಮೆಟ್ಟಿಲು ಇಳಿಸಿದೆ.
ಹದಿನಾರೂ ಹಿಡಿಸಿದವು,
ಬಸ್ಸಿನಲ್ಲಿ ಮೊಣಕೈ ಒಳಗೆಳೆದುಕೊಂಡು ಕೂತವರ ಹಾಗೆ.

ಪ್ರಸಾರ ಮುಗಿದ ಮೇಲೆ ಷ್ವೆ ಬಾಗಿಲಲ್ಲಿ ನಿಂತ.
‘ಆ ಹೆಂಗಸಿನ ಸಾಲು ಸ್ವಲ್ಪ ಸಣ್ಣಗಿತ್ತಾ?’
‘ಇದ್ದರೂ ಇರಬಹುದು,’ ಅಂದೆ.
ಅವನು ಏನನ್ನೋ ಹೇಳಲು ಹೊರಟು, ಕೆಮ್ಮಿ, ಕೋಟು ಹುಡುಕಿದ.

ಲೋಟ ತೊಳೆಯಲು ಎದ್ದೆ.
ಎಲೆ ತಳಕ್ಕೆ ಅಂಟಿಕೊಂಡಿತ್ತು,
ಬೆರಳು ಹಾಕಿ ಎಬ್ಬಿಸಬೇಕಾಯಿತು.